ತಲೆ ಎಣಿಸದ ಬೆಂಚು

ಇಟಲಿಯ ಫ್ರಿಯೂಲಿ ಸೀಮೆಯಲ್ಲಿ, ನತಿಸೋನೆ ನದಿಯ ದಂಡೆಯ ಊರುಗಳಲ್ಲಿ ಆಗ ಕುರ್ಚಿಯ ಕೆಲಸ ಇಲ್ಲದ ಮನೆಯೇ ಇರಲಿಲ್ಲ. ಗಂಡಸರು ಬೀಚ್ ಮರದ ಕಾಲು ಕಡೆಯುತ್ತಿದ್ದರು. ಹೆಂಗಸರು ಹೊಸ್ತಿಲ ಬಳಿ ಕೂತು ಜೌಗಿನ ಹುಲ್ಲು ಹೊಸೆದು ಆಸನ ಹೆಣೆಯುತ್ತಿದ್ದರು. ಎರಡನೇ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ ನಿವೆಸ್ ತೊಮಾದಿನ್ ಹುಟ್ಟಿದ್ದು ಅಂಥದೇ ಒಂದು ಮನೆಯಲ್ಲಿ. ಅಪ್ಪ ಉಗೊ ಮುಗಿದ ಕುರ್ಚಿಯನ್ನು ಎದೆಮಟ್ಟಕ್ಕೆ ಎತ್ತಿ ಕಲ್ಲಿನ ನೆಲಕ್ಕೆ ಬಿಡುತ್ತಿದ್ದ. ಬಿದ್ದ ಸದ್ದು ಗಟ್ಟಿಯಾಗಿ ಒಂದೇ ಆಗಿ ಕೇಳಿದರೆ ಸರಿ. ಎರಡಾಗಿ ಕೇಳಿದರೆ ಎಲ್ಲೋ ಜೋಡಣೆ ಸಡಿಲ ಅಂತ ಬಿಚ್ಚಿಹಾಕುತ್ತಿದ್ದ.

ಹುಡುಗಿಗೆ ಚಿತ್ರದ ಕೈ ಚೆನ್ನಾಗಿತ್ತು. ಊರ ಪಾದ್ರಿ ಹಟ ಹಿಡಿದು ಅವಳನ್ನು ವೆನಿಸ್‌ನ ವಿನ್ಯಾಸದ ಶಾಲೆಗೆ ಸೇರಿಸಿದರು. ಓದು ಮುಗಿಸಿ ಬಂದವಳು ಮಂಜಾನೊ ಊರಿನ ಲಿನೋ ಬ್ರಾಯ್ದಾ ಎಂಬಾತನ ಕುರ್ಚಿ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತಳು. ಅಲ್ಲಿವರೆಗೆ ಆ ಕಾರ್ಖಾನೆಯಲ್ಲಿ ಹೆಂಗಸರು ಅಂದರೆ ಪಾಲಿಶ್ ಉಜ್ಜುವವರು. ನಕ್ಷೆಯ ಮೇಜಿನ ಮುಂದೆ ಹೆಂಗಸೊಬ್ಬಳು ಕೂತಿದ್ದನ್ನು ನೋಡಲು ಕಾಲು ಕಡೆಯುವ ಗಂಡಸರು ಸುಮ್ಮಸುಮ್ಮನೆ ಒಳಗೆ ಬಂದು ಹೋಗುತ್ತಿದ್ದರು. ಅವಳು ಅವರಿಗೆ ಗುರುತು ಹಾಕಿದ ಮರದ ತುಂಡು ಕೊಟ್ಟು, ಮಾಡಿ ತನ್ನಿ ಅನ್ನುತ್ತಿದ್ದಳು. ಸ್ವಲ್ಪ ದಿನಕ್ಕೆ ಬರುವುದು ನಿಂತಿತು.

ಇಪ್ಪತ್ತೆಂಟನೆಯ ವಯಸ್ಸಿಗೆ ಅವಳೊಂದು ಕುರ್ಚಿ ಮಾಡಿದಳು. ಕಡ್ಡಿಯಷ್ಟು ತೆಳ್ಳಗಿನ ಕಾಲು, ಬಾಗಿಸಿದ ಬೆನ್ನು. ಹೆಸರು 'ಸೂಜಿ'. ಮಿಲಾನಿನ ಪ್ರದರ್ಶನದಲ್ಲಿ ಜರ್ಮನಿಯವರು ಅದನ್ನು ಮುಗಿಬಿದ್ದು ಕೊಂಡರು, ಪತ್ರಿಕೆಗಳಲ್ಲಿ ಅದರ ಚಿತ್ರ ಬಂತು. ಅದಾದ ಮೇಲೆ ಬರೀ ಕುರ್ಚಿಯಲ್ಲ, ಇಡೀ ಕೋಣೆಗಳನ್ನೇ ಒಪ್ಪಿಸುವವರು ಬಂದರು. ಗ್ರಾದೋದ ಹೋಟೆಲಿನ ಊಟದ ಮನೆ, ಊದಿನೆಯ ಡಾಕ್ಟರೊಬ್ಬರ ಬಂಗಲೆ. ಕೋಣೆ ಅಂದರೆ ಕಣ್ಣಿಗೆ ಒಂದೇ ನೋಟಕ್ಕೆ ಅರ್ಥವಾಗಬೇಕು ಅನ್ನುವುದು ಆಗ ಅವಳ ಸಿದ್ಧಾಂತ. ಗೋಡೆಯ ಮೇಲಿನ ಅಜ್ಜಿಯ ಫೋಟೋ, ಮೂಲೆಯ ಹೊಲಿಗೆ ಪೆಟ್ಟಿಗೆ ಎಲ್ಲ ತೆಗೆಸುತ್ತಿದ್ದಳು. ತೆಗೆದ ಮೇಲೆ ಕೋಣೆ ನಿಜಕ್ಕೂ ಚೆಂದ ಕಾಣುತ್ತಿತ್ತು. ಹಾಗಾಗಿ ಯಾರನ್ನೂ ಏನೂ ಕೇಳುವ ಅಗತ್ಯ ಅವಳಿಗೆ ಬೀಳಲಿಲ್ಲ.

ಎಪ್ಪತ್ತಾರನೇ ಇಸವಿಯ ಮೇ ತಿಂಗಳಲ್ಲಿ ಫ್ರಿಯೂಲಿಯ ಭೂಮಿ ನಡುಗಿತು. ಒಂದು ನಿಮಿಷದೊಳಗೆ ಬೆಟ್ಟದ ತಪ್ಪಲಿನ ಊರುಗಳು ಕಲ್ಲುಗುಡ್ಡೆಯಾದವು. ಸುಮಾರು ಸಾವಿರ ಜನ ಸತ್ತರು. ಉಳಿದವರು ಬೇಸಿಗೆಯೆಲ್ಲ ಡೇರೆಯಲ್ಲಿ ಕಳೆದರು. ಸೆಪ್ಟೆಂಬರಿನಲ್ಲಿ ಮತ್ತೆ ನಡುಗಿದಾಗ ಅವರನ್ನೆಲ್ಲ ಸಮುದ್ರದ ದಂಡೆಯ ಖಾಲಿ ಹೋಟೆಲುಗಳಿಗೆ ಕಳಿಸಿದರು. ಅವರು ವಾಪಸು ಬರುವಷ್ಟರಲ್ಲಿ ಮರದ ಹಲಗೆಯ ತಾತ್ಕಾಲಿಕ ಮನೆಗಳು ಎದ್ದಿರಬೇಕಿತ್ತು. ಪ್ರಾದಿಲೆಸ್ ಎಂಬ ಊರಿನ ನಲವತ್ತು ಮನೆಗಳ ಒಳಸಾಮಾನನ್ನು ಬ್ರಾಯ್ದಾ ತಾನೇ ಮಾಡಿಕೊಡುವುದಾಗಿ ಹೇಳಿದ. ನಕ್ಷೆ ನಿವೆಸ್‌ಳ ಪಾಲಿಗೆ ಬಂತು.

ಆ ಚಳಿಗಾಲ ಅವಳು ದುಡಿದಷ್ಟು ಯಾವತ್ತೂ ದುಡಿದಿರಲಿಲ್ಲ. ಮನೆಯ ಅಗಲ ಆರೇ ಹೆಜ್ಜೆ. ಊಟದ ಹಲಗೆ ಗೋಡೆಗೇ ಅಂಟಿಕೊಂಡಿತ್ತು. ಬೇಕಾದಾಗ ಇಳಿಸುವುದು, ಬೇಡವಾದಾಗ ಮಡಚುವುದು. ಕೂರುವ ಪೀಠಗಳೂ ಹಾಗೇ ಮಡಚುವಂಥವು. ಒಂದು ಅಂಗುಲ ಜಾಗ ದಂಡವಾಗಿರಲಿಲ್ಲ. ಮಾರ್ಚಿನಲ್ಲಿ ಜನ ಬಂದು ಸೇರಿಕೊಂಡರು. ತನ್ನ ಕೈಯಿಂದ ಆದ ಅತ್ಯಂತ ಒಳ್ಳೆಯ ಕೆಲಸ ಇದು ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡಳು.

ಜೂನಿನಲ್ಲಿ ನೋಡಲು ಹೋದಳು. ಮೊದಲನೆಯ ಮನೆಯಲ್ಲಿ ಊಟದ ಹಲಗೆ ಕಿತ್ತು ಹಾಸಿಗೆಯ ಕೆಳಗೆ ತಳ್ಳಿದ್ದರು. ಎರಡನೆಯ ಮನೆಯ ಪೀಠಗಳು ಹಿತ್ತಿಲಲ್ಲಿ ಕೋಳಿಗೂಡಾಗಿದ್ದವು. ಮನೆಯಿಂದ ಮನೆಗೆ ಅದೇ ಕತೆ. ಹದಿನೇಳನೆಯ ಮನೆಯ ಮುಂದೆ ಕಪ್ಪು ರುಮಾಲಿನ ಮುದುಕಿಯೊಬ್ಬಳು ಸೇಬಿನ ಪೆಟ್ಟಿಗೆ ಬೋರಲು ಹಾಕಿ ಕೂತು ರದಿಕ್ಕಿಯೋ ಸೊಪ್ಪು ಬಿಡಿಸುತ್ತಿದ್ದಳು. ಹೆಸರು ಒನೊರಿನಾ. ನಿವೆಸ್ ತಾನು ಯಾರೆಂದು ಹೇಳಿದಳು.

"ಒಳಗಿನದೆಲ್ಲ ಗೀಚಿದ್ದು ನೀನೇನಾ?" ಎಂದು ಮುದುಕಿ ಕೇಳಿದಳು.

"ಹೂಂ, ದೊಡ್ಡಮ್ಮ."

"ಕೆಲಸ ಅಚ್ಚುಕಟ್ಟಾಗಿದೆ. ಒಂದು ಮೊಳೆ ಅತ್ತಿತ್ತ ಆಗಿಲ್ಲ." ಸೊಪ್ಪು ಕೊಡವಿ ಬುಟ್ಟಿಗೆ ಹಾಕಿದಳು. "ಆದ್ರೆ ನಿನ್ನ ಮನೇಲಿ ನಾವೆಲ್ಲ ಗೋಡೆ ನೋಡ್ಕೊಂಡು ಉಣ್ಬೇಕು ಕಣಮ್ಮ. ಗೋಡೆ ಏನು ಮಾಡುತ್ತೆ ಅಂತ ಆವತ್ತು ನೋಡಿದೀವಿ. ಇನ್ನೂ ಅದನ್ನೇ ನೋಡ್ತಾ ಕೂರೋಣ್ವಾ?"

ದನಿಯಲ್ಲಿ ಸಿಟ್ಟಿರಲಿಲ್ಲ. ನಿವೆಸ್ ಇನ್ನೊಂದು ಪೆಟ್ಟಿಗೆ ಎಳೆದುಕೊಂಡು ಕೂತು ಸೊಪ್ಪು ಬಿಡಿಸಿದಳು.

ಮರುದಿನ ಬ್ರಾಯ್ದಾನ ಹತ್ತಿರ ಹೋಗಿ ಒಂದು ತಿಂಗಳು ರಜ ಬೇಕು ಅಂದಳು. ಮುಗಿದ ಕೆಲಸಕ್ಕೆ ಮತ್ತೆ ಯಾಕೆ ಕೈ ಹಾಕುತ್ತೀಯ, ಪುಕ್ಕಟೆ ಕೊಟ್ಟಿದ್ದಕ್ಕೂ ಕೊಂಕು ತೆಗೆದರೆ ಏನು ಮಾಡೋಕಾಗುತ್ತೆ ಎಂದು ಅವನು ಗೊಣಗಿದ. ಆದರೂ ಬಿಟ್ಟ. ಅವಳು ಪ್ರಾದಿಲೆಸ್‌ನ ನರ್ಸಮ್ಮನ ಮನೆಯಲ್ಲಿ ಒಂದು ಮಂಚ ಗಿಟ್ಟಿಸಿಕೊಂಡು, ನೋಟ್‌ಬುಕ್ ಹಿಡಿದು ಮನೆಮನೆ ತಿರುಗಿದಳು. ಹೇಗಿರಬೇಕು, ಏನು ಬೇಕು ಎಂದು ಕೇಳಿದರೆ ಯಾರಿಗೂ ಹೇಳಲು ಬರುತ್ತಿರಲಿಲ್ಲ. ಎರಡು ದಿನ ಹಾಗೇ ಕಳೆಯಿತು. ಮೂರನೆಯ ದಿನ ಬೇರೆ ಪ್ರಶ್ನೆ ಕೇಳಿದಳು. ಹಳೇ ಮನೆಯಲ್ಲಿ ಊಟಕ್ಕೆ ಯಾರು ಎಲ್ಲಿ ಕೂರುತ್ತಿದ್ದಿರಿ?

ಅದಕ್ಕೆ ಮಾತ್ರ ಎಲ್ಲರ ಬಾಯಿ ತೆರೆಯಿತು. ಸತ್ತವರ ಹೆಸರು ಎತ್ತದೆ ವರ್ಷ ಕಳೆದವರು ಕೂಡ, ಅವಳು ಒಲೆಯ ಪಕ್ಕ, ಅವನು ಕಿಟಕಿಗೆ ಬೆನ್ನು ಹಾಕಿ ಎಂದು ಕೈ ತೋರಿಸಿ ಹೇಳುತ್ತಿದ್ದರು. ಒಬ್ಬ ಕಡ್ಡಿಯಿಂದ ಅಂಗಳದ ಮಣ್ಣಿನಲ್ಲೇ ಇಡೀ ಅಡುಗೆಮನೆ ಬರೆದ, ಬೆಕ್ಕು ಮಲಗುವ ಜಾಗದ ಸಮೇತ. ನಿವೆಸ್ ತಲೆ ಎತ್ತದೆ ಗುರುತು ಹಾಕಿಕೊಳ್ಳುತ್ತಿದ್ದಳು. ಇಷ್ಟು ವರ್ಷ ಮಾಡಿದ ಕೋಣೆಗಳಲ್ಲಿ ಒಂದರಲ್ಲೂ ಯಾರು ಎಲ್ಲಿ ಕೂರುತ್ತಾರೆಂದು ತನಗೆ ತಿಳಿದಿರಲಿಲ್ಲವಲ್ಲ ಎಂದು ಅವಳಿಗೆ ಅನ್ನಿಸಿತು.

ಒನೊರಿನಾಳ ಮನೆಯಲ್ಲಿ ಮೊದಲು ಆರು ಜನ. ಒನೊರಿನಾ, ಗಂಡ ತಿತಾ, ಮಕ್ಕಳು ಎಲ್ವಿಯೊ ಮತ್ತು ರಿನಾಲ್ದೊ, ಎಲ್ವಿಯೊನ ಹೆಂಡತಿ ಅಸ್ಸುಂತಾ, ಅವರ ಏಳು ವರ್ಷದ ಮಗಳು ವಿಲ್ಮಾ. ತಾಯಿ ಮಗಳು ಇಬ್ಬರೂ ಆವತ್ತು ಬಿದ್ದ ಗೋಡೆ ತೊಲೆಗಳಡಿ ಸಿಕ್ಕಿ ಸತ್ತಿದ್ದರು. ಮುದುಕಿ ಎಲ್ಲರ ಜಾಗ ಹೇಳಿ, ವಿಲ್ಮಾ ತಾಯಿಯ ಪಕ್ಕ ಅಂದಳು. ಬಾಗಿಲಲ್ಲಿ ನಿಂತಿದ್ದ ರಿನಾಲ್ದೊ ಒಳಗೆ ಬಂದು ತಡೆದ.

"ಇಲ್ಲಮ್ಮ. ನನ್ನ ಪಕ್ಕ, ತುದೀಲಿ. ಎಡಗೈಲಿ ಉಣ್ತಿತ್ತಲ್ಲ, ಮಧ್ಯ ಕೂತ್ರೆ ಮೊಣಕೈ ತಾಗೋದು."

ನಿವೆಸ್ ಪೆನ್ಸಿಲನ್ನು ಅವನ ಕೈಗೆ ಕೊಟ್ಟಳು. ಅವನು ಮುದುಕಿಯ ಗುರುತನ್ನು ಅಳಿಸಿ, ತುದಿಯಲ್ಲಿ ಸಣ್ಣದೊಂದು ಸೊನ್ನೆ ಬರೆದ.

ಹೊಸ ಮೇಜಿಗೆ ಎಷ್ಟು ಕುರ್ಚಿ ಅನ್ನುವಲ್ಲಿ ಜಗಳ ಬಂತು. ಆರೇ ಇರಲಿ ಎಂದಳು ಒನೊರಿನಾ. ಎಲ್ವಿಯೊ ಅಲ್ಲಿವರೆಗೆ ಗೋಡೆಗೆ ಒರಗಿ ನಿಂತಿದ್ದವನು ಮುಂದೆ ಬಂದ.

"ನಾಲ್ಕು ಸಾಕು. ಖಾಲಿ ಕುರ್ಚಿ ಎದುರಿಗೆ ಇಟ್ಕೊಂಡು ನನ್ನ ಕೈಲಿ ಉಣ್ಣೋಕಾಗಲ್ಲ."

"ಎರಡು ತೆಗೆದ್ರೆ ಅವರು ಇರ್ಲೇ ಇಲ್ಲ ಅಂದ ಹಾಗಾಯ್ತಲ್ಲೋ."

"ಇಲ್ವಲ್ಲಮ್ಮ" ಎಂದು ಎಲ್ವಿಯೊ ಹೊರಗೆ ಹೋದ. ಇಬ್ಬರ ಮಾತೂ ನಿಜವಾಗಿತ್ತು. ನಿವೆಸ್ ಪುಟ ಮಡಚಿಕೊಂಡು ಎದ್ದಳು.

ನಾಲ್ಕೈದು ದಿನ ಅವಳಿಗೆ ದಾರಿ ಕಾಣಲಿಲ್ಲ. ಒಂದು ಮಧ್ಯಾಹ್ನ ಇಗರ್ಜಿಯ ಕಲ್ಲು ಹೊರುತ್ತಿದ್ದ ಕೂಲಿಗಳು ಉದ್ದನೆಯ ತೊಲೆಯೊಂದರ ಮೇಲೆ ಸಾಲಾಗಿ ಕೂತು ಮುಸುಕಿನ ಜೋಳದ ಹಿಟ್ಟಿನ ಪೊಲೆಂತಾ ತಿನ್ನುತ್ತಿದ್ದುದನ್ನು ಕಂಡಳು. ತಡವಾಗಿ ಇನ್ನೊಬ್ಬ ಬಂದ. ಯಾರೂ ಏಳಲಿಲ್ಲ. ಒಂದಿಷ್ಟು ಸರಿದರು, ಅವನು ಕೂತ. ಉಂಡವನೊಬ್ಬ ಎದ್ದು ಹೋದ. ಉಳಿದವರು ಒಂದಿಷ್ಟು ಹರಡಿಕೊಂಡರು. ಅವನ ಜಾಗ ಎಲ್ಲಿತ್ತೆಂದು ಆಮೇಲೆ ಹೇಳಲು ಬರುತ್ತಿರಲಿಲ್ಲ.

ಅವಳು ಬಿರಬಿರನೆ ಹದಿನೇಳನೆಯ ಮನೆಗೆ ಹೋಗಿ, ನಿಮ್ಮ ಹಳೇ ಮನೆಯ ತೊಲೆಯಿಂದಲೇ ಒಂದು ಬೆಂಚು ಮಾಡಿಸುತ್ತೇನೆ ಅಂದಳು. ಒನೊರಿನಾ ಮುಖ ತಿರುಗಿಸಿದಳು. "ಬೆಂಚು ಆಗ್ಲಿ. ಆ ಮರ ಮಾತ್ರ ಬೇಡ. ಅದರ ಕೆಳಗಿಂದ್ಲೇ ಅವರನ್ನ ತೆಗೆದಿದ್ದು." ತನ್ನ ಬುದ್ಧಿ ಇನ್ನೂ ಚಿತ್ರಕ್ಕೆ ಚೆಂದ ಕಾಣುವುದನ್ನೇ ಹುಡುಕುತ್ತಿದೆಯಲ್ಲ ಎಂದು ನಿವೆಸ್ ತಲೆ ತಗ್ಗಿಸಿದಳು.

ಬೆಂಚು ಮಾಡಿದ್ದು ಉಗೊ, ಎಪ್ಪತ್ತು ದಾಟಿದ ಮೇಲೆ, ಹೊಸ ಬೀಚ್ ಮರದಲ್ಲಿ. ಮೇಜಿನ ಎರಡು ಮಗ್ಗುಲಿಗೂ ಒಂದೊಂದು; ಒಂದರ ತುದಿ ಒಲೆಗೆ ಹತ್ತಿರ, ಇನ್ನೊಂದರಿಂದ ಬಾಗಿಲು ಕಾಣುವಂತೆ. ನಾಲ್ವರು ಕೂತರೂ ಸರಿ, ಏಳು ಜನ ಕೂತರೂ ಸರಿ. ಮೊದಲ ಸಲ ಊಟಕ್ಕೆ ಬಂದ ಎಲ್ವಿಯೊ ಬಗ್ಗಿ ಕೆಳಗಿನ ಜೋಡಣೆ ನೋಡಿದ. ಆಮೇಲೆ ಕೂತ. ಅವನ ಮಗ್ಗುಲಲ್ಲಿ ಜಾಗವೇನೋ ಇತ್ತು, ಆದರೆ ಅದು ಬರೀ ಬೆಂಚು. ಎದುರಿಗೆ ಅಮ್ಮ, ಅಪ್ಪ, ತಮ್ಮ. ತಟ್ಟೆ ಬರಿದಾಗುವವರೆಗೂ ಉಂಡ.

"ಉದ್ದ ಸರಿಯಾಗಿದೆ" ಅಂದ.

ಒನೊರಿನಾ ಮಾತ್ರ ದಿನಾ ಬೆಂಚು ಒರೆಸುವಾಗ ವಿಲ್ಮಾಳ ಸೊನ್ನೆ ಬಿದ್ದಿದ್ದ ತುದಿಯನ್ನು ಎರಡು ಸಲ ಒರೆಸುತ್ತಿದ್ದಳಂತೆ. ಅದನ್ನು ರಿನಾಲ್ದೊ ಬಹಳ ವರ್ಷಗಳ ಮೇಲೆ ಹೇಳಿದ.

ಊರಿನ ಉಳಿದ ಮನೆಗಳಿಗೂ ಒಂದೊಂದು ಬಗೆಯಾಗಿ ಮಾಡಿಕೊಟ್ಟು ನಿವೆಸ್ ಕಾರ್ಖಾನೆಗೆ ಮರಳಿದಳು. ಇನ್ನು ಮುಂದೆ ಬೆಂಚು ಮಾಡೋಣ, ಒಂದೇ ಅಚ್ಚಿನಲ್ಲಲ್ಲ, ಆಯಾ ಮನೆ ನೋಡಿ ಮಾಡೋಣ ಅಂದಳು. ಬ್ರಾಯ್ದಾ ನಕ್ಕುಬಿಟ್ಟ. "ನಾನು ಕುರ್ಚಿ ಮಾಡೋನು ಕಣೇ. ಒಂದೊಂದು ಬೆಂಚಿಗೂ ನನ್ನ ಆರು ಕುರ್ಚಿ ಸಾಯ್ತವೆ. ನನ್ನ ಕೈಲೇ ನನ್ನ ಗೋರಿ ತೋಡಿಸ್ತೀಯಾ?" ಜಗಳವೇನೂ ಆಗಲಿಲ್ಲ. ಎಪ್ಪತ್ತೆಂಟರಲ್ಲಿ ಅವಳು ಕೆಲಸ ಬಿಟ್ಟು ಅಪ್ಪನ ಕೊಟ್ಟಿಗೆಯಲ್ಲೇ ಒಬ್ಬ ಬಡಗಿಯನ್ನು ಇಟ್ಟುಕೊಂಡು ಸ್ವಂತ ಕೆಲಸ ಶುರುಮಾಡಿದಳು.

ಯಾರೇ ಮನೆ ಒಪ್ಪಿಸಿದರೂ ಮೊದಲು ಅವರಲ್ಲೊಂದು ಊಟ ಮಾಡುವುದು ಅವಳ ಪದ್ಧತಿಯಾಯಿತು. ಮಾತಾಡದೆ ಉಣ್ಣುತ್ತ, ಯಾರು ಯಾರ ಮುಖ ನೋಡುತ್ತಾರೆ, ಉಪ್ಪು ಯಾರ ಕೈಗೆ ಎಟುಕುವುದಿಲ್ಲ, ಯಾರು ಪದೇ ಪದೇ ಏಳುತ್ತಾರೆ ಎಂದು ನೋಡುತ್ತಿದ್ದಳು. ಮರ, ಬಣ್ಣ, ಬೆಳಕು ಎಲ್ಲ ಅದಾದ ಮೇಲೆ. ಎಲ್ಲ ಸಲವೂ ಗೆದ್ದಳೆಂದಲ್ಲ. ಊದಿನೆಯ ವಕೀಲನೊಬ್ಬನ ಮನೆಯಲ್ಲಿ ಗಂಡಹೆಂಡತಿ ಎದುರುಬದುರು ಕೂರುವಂತೆ ಮಾಡಿದಳು. ಒಂದು ವರ್ಷದೊಳಗೆ ಅವರು ಬೇರೆಯಾದರು. ಅವರಿಗೆ ಬೇಕಾಗಿದ್ದು ನೋಡಲೊಂದು ಗೋಡೆಯೇ, ಕೇಳಿ ತಿಳಿದುಕೊಂಡೂ ನಾನೇ ಕೊಡಲಿಲ್ಲ ಎಂದು ಅವಳು ಅದನ್ನು ತನ್ನ ತಪ್ಪುಗಳ ಸಾಲಿಗೆ ಸೇರಿಸಿಕೊಂಡಳು.

ಎಂಬತ್ತನಾಲ್ಕರಲ್ಲಿ ಒನೊರಿನಾಳವರಿಗೆ ಕಲ್ಲಿನ ಮನೆ ಆಯಿತು. ಬೆಂಚುಗಳೂ ಜೊತೆಗೇ ಹೋದವು. ಅದೇ ವರ್ಷ ಎಲ್ವಿಯೊ ಕಾರ್ನಿಯಾ ಬೆಟ್ಟದ ದೊಲ್ಫಿನಾ ಎಂಬುವಳನ್ನು ಮದುವೆಯಾದ. ಮೊದಲ ದಿನದ ಊಟಕ್ಕೆ ದೊಲ್ಫಿನಾ ತಟ್ಟೆ ಹಿಡಿದು ನಿಂತೇ ಇದ್ದಳಂತೆ. ಎಲ್ಲಿ ಕೂರಲಿ ಎಂದು ಕೇಳಲು ಅವಳಿಗೆ ಅಂಜಿಕೆ. ಒನೊರಿನಾ ಮಕ್ಕಳ ಕಡೆ ನೋಡಿ, "ಸರಿಯಿರೋ ಒಂದಿಷ್ಟು" ಅಂದಳಂತೆ. ಅಷ್ಟೇ. ಮರದ ಡಿಪೋದಲ್ಲಿ ಸಿಕ್ಕ ಎಲ್ವಿಯೊ ಇದನ್ನು ನಿವೆಸ್‌ಗೆ ಹೇಳಿ, ಲಾರಿ ಹತ್ತಿ ಹೋದ.

ತೊಂಬತ್ತೆರಡರಲ್ಲಿ ಬೋಸ್ನಿಯಾದ ಯುದ್ಧದಿಂದ ಓಡಿಬಂದವರನ್ನು ಹತ್ತಿರದ ಹಳೆಯ ಸೈನಿಕರ ವಸತಿಯೊಂದರಲ್ಲಿ ಇಟ್ಟರು. ಊಟದ ಕೋಣೆ ಸರಿಮಾಡಿಕೊಡಿ ಎಂದು ನಿವೆಸ್‌ಗೆ ಕರೆ ಬಂತು. ಅವಳು ಹನ್ನೆರಡು ಬೆಂಚು, ಆರು ಮೇಜು ಲಾರಿಯಲ್ಲಿ ಹೇರಿಸಿಕೊಂಡೇ ಹೋದಳು. ಪ್ರಾದಿಲೆಸ್‌ನಲ್ಲಿ ಕಲಿತದ್ದು ಇಲ್ಲಿಗೂ ಆಗುತ್ತದೆ ಎಂಬ ಭರವಸೆ. ವಾರ ಕಳೆದು ಹೋದಾಗ ಬೆಂಚಿನ ಮೇಲೆ ಒಗೆದ ಬಟ್ಟೆ ಒಣಗುತ್ತಿತ್ತು. ಹೆಂಗಸರು ಮಕ್ಕಳು ನೆಲದಲ್ಲಿ ಕಂಬಳಿ ಹಾಸಿ, ರಟ್ಟಿನ ಪೆಟ್ಟಿಗೆಯೊಂದರ ಸುತ್ತ ಕೂತು ಉಣ್ಣುತ್ತಿದ್ದರು.

ಅವಳು ಬಾಗಿಲಲ್ಲೇ ನಿಂತಳು. ಈ ಸಲ ಕೇಳದೆಯೇ ಬಂದಿದ್ದಳಲ್ಲ. ದುಭಾಷಿಯನ್ನು ಕರೆದು, ನಿಮ್ಮೂರಲ್ಲಿ ಹೇಗೆ ಕೂರುತ್ತಿದ್ದಿರಿ ಎಂದು ಕೇಳಿಸಿದಳು. ಹೈರಾ ಎಂಬ ಹಿರಿಯ ಹೆಂಗಸು ಎದ್ದು ಬಂದು, ಎರಡೂ ಕೈಯಿಂದ ಗಾಳಿಯಲ್ಲಿ ದುಂಡಗೆ ತಟ್ಟೆಯಂತೆ ಬರೆದು, ಆಮೇಲೆ ಮೊಣಕಾಲಿನ ಎತ್ತರ ತೋರಿಸಿದಳು. ಅಷ್ಟೇ ಎತ್ತರದ ದುಂಡು ಮೇಜು. ನಿವೆಸ್ ತಂದ ಮೇಜುಗಳ ಕಾಲನ್ನು ಅವತ್ತೇ ಕೊಯ್ಯಿಸಿದಳು. ಹಲಗೆಯ ಮೂಲೆಗಳನ್ನು ಉರುಟು ಮಾಡಿಸಲು ಇನ್ನೂ ಮೂರು ದಿನ ಹಿಡಿಯಿತು. ಬೆಂಚುಗಳನ್ನು ಕಿಟಕಿಯ ಕೆಳಗೆ ಬಟ್ಟೆಗೇ ಬಿಟ್ಟಳು.

ಕೆಲಸ ಮುಗಿದ ಮಧ್ಯಾಹ್ನ ಹೈರಾ ಅವಳ ತೋಳು ಹಿಡಿದು ಊಟಕ್ಕೆ ಎಳೆದಳು. ನಿವೆಸ್‌ಗೆ ಆಗ ಐವತ್ತನಾಲ್ಕು, ಮೊಣಕಾಲು ಮಡಚುತ್ತಿರಲಿಲ್ಲ. ಮೂರು ಸಲ ಪ್ರಯತ್ನಪಟ್ಟು, ಕೊನೆಗೆ ಒಂದು ಕಾಲನ್ನು ಮೇಜಿನಡಿ ಉದ್ದಕ್ಕೆ ಚಾಚಿಯೇ ಕೂತಳು. ಅದನ್ನು ನೋಡಿ ಹೆಂಗಸರು ನಕ್ಕರು. ಅಲ್ಲಿಗೆ ಬಂದ ಮೇಲೆ ಅವರು ಹಾಗೆ ನಕ್ಕದ್ದು ಅದೇ ಮೊದಲು ಎಂದು ದುಭಾಷಿ ಹೇಳಿದ. ಹೈರಾ ರೊಟ್ಟಿ ಮುರಿದು ಮೊದಲ ತುಂಡನ್ನು ಅವಳ ಮುಂದಿಟ್ಟಳು.