ಕರೆಂಟ್ ಕಮಲಕ್ಕನ ಹೆಸರನ್ನು ನಾನು ಮಾರಿದ ಬಗೆ

ಲಾಕ್‌ಡೌನ್ ಮುಗಿದು ಎರಡು ವರ್ಷವಾಗಿತ್ತು. ಸೇಡಂ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಒಂದೇ ಕೋಣೆಯ ಆಫೀಸು ನನ್ನದು. ಬೋರ್ಡಿನ ಮೇಲೆ ‘ಡಿಜಿಟಲ್ ಮಾರ್ಕೆಟಿಂಗ್’ ಎಂದು ದೊಡ್ಡದಾಗಿ ಬರೆಸಿಕೊಂಡಿದ್ದೆ. ಅದಕ್ಕೂ ಮೊದಲು ಹದಿನೈದು ವರ್ಷ ಅದೇ ಕೋಣೆಯಲ್ಲಿ ಫ್ಲೆಕ್ಸ್ ಬ್ಯಾನರ್ ಮಾಡಿಕೊಡುತ್ತಿದ್ದೆ. ಮುಖಂಡರ ಹುಟ್ಟುಹಬ್ಬಕ್ಕೆ ಶುಭ ಕೋರುವ ನಲವತ್ತು ಮುಖಗಳನ್ನು ಒಂದೇ ಬ್ಯಾನರಿನಲ್ಲಿ ಕೂರಿಸುವುದು, ಯಾರ ಮುಖ ಯಾರಿಗಿಂತ ಒಂದು ಇಂಚು ದೊಡ್ಡದಾಯಿತು ಎಂಬ ಜಗಳ ಬಿಡಿಸುವುದು, ಇದೇ ನನ್ನ ನಿತ್ಯದ ಕಸುಬಾಗಿತ್ತು. ಅದು ಸಾಕಾಗಿ ಆನ್‌ಲೈನ್ ಜಾಹೀರಾತಿಗೆ ಇಳಿದೆ. ಚಿತ್ತಾಪುರದ ಟೇಲರು, ಶಹಾಬಾದಿನ ಕಲ್ಲು ಪಾಲಿಶ್ ಘಟಕ, ಚಿಂಚೋಳಿಯ ಬೀಜದ ಅಂಗಡಿ, ಹೀಗೆ ಸಣ್ಣ ಸಣ್ಣ ಗಿರಾಕಿಗಳು. ಅವರನ್ನು ಮ್ಯಾಪ್‌ನಲ್ಲಿ ಸೇರಿಸುವುದು, ಫೋನಿನಲ್ಲಿ ಹುಡುಕಿದವರಿಗೆ ಅವರ ಅಂಗಡಿಯೇ ಮೊದಲು ಕಾಣುವಂತೆ ಮಾಡುವುದು ನನ್ನ ಕೆಲಸ.

ಈ ಕೆಲಸದ ಜೀವಾಳ ಕೀವರ್ಡ್. ಜನ ಫೋನಿನಲ್ಲಿ ಏನೆಂದು ಹುಡುಕುತ್ತಾರೋ ಆ ಪದವೇ ಕೀವರ್ಡ್. ಆ ಪದಕ್ಕೆ ಹಣ ಕಟ್ಟಿದರೆ, ಯಾರಾದರೂ ಅದನ್ನು ಹುಡುಕಿದಾಗ ನಮ್ಮ ಜಾಹೀರಾತು ಎಲ್ಲಕ್ಕಿಂತ ಮೇಲೆ ಬರುತ್ತದೆ. ದೊಡ್ಡ ಊರುಗಳಲ್ಲಿ ಜನ ಅಂಗಡಿಯ ಬೋರ್ಡ್ ನೋಡಿ ಹೆಸರು ಹೇಳುತ್ತಾರೆ. ನಮ್ಮಲ್ಲಿ ಬೋರ್ಡ್ ಓದುವವರು ಯಾರು? ಬೋರ್ಡಿನ ಮೇಲೆ ದೇವರ ಹೆಸರಿರುತ್ತದೆ, ಬಾಯಲ್ಲಿ ಮಾಲೀಕನ ಅಡ್ಡಹೆಸರಿರುತ್ತದೆ. ಹೊರಗಿನ ಏಜೆನ್ಸಿಗಳಿಗೆ ಆ ಅಡ್ಡಹೆಸರುಗಳು ಗೊತ್ತಿಲ್ಲ, ನನಗೆ ಗೊತ್ತು. ಈ ಒಂದು ಮಾತನ್ನು ನಾನು ಎಲ್ಲ ಗಿರಾಕಿಗಳ ಮುಂದೆ ಎದೆಯುಬ್ಬಿಸಿ ಹೇಳುತ್ತಿದ್ದೆ.

ನಮ್ಮ ಓಣಿಯ ತುದಿಯಲ್ಲಿ ಕಮಲಕ್ಕನ ರೊಟ್ಟಿ ಅಂಗಡಿ. ಅಂಗಡಿ ಎಂದರೆ ಮನೆಯ ಮುಂದಿನ ಪಡಸಾಲೆ, ಮೇಲೆ ನಾನೇ ಹಿಂದೆ ಮಾಡಿಕೊಟ್ಟ ದೇವರ ಹೆಸರಿನ ಬೋರ್ಡು, ಒಳಗೆ ಸಾಲಾಗಿ ಒಲೆಗಳು, ರೊಟ್ಟಿ ಬಡಿಯುವ ಆರು ಹೆಂಗಸರು. ಕಮಲಕ್ಕನ ಗಂಡ ಲೈನ್‌ಮನ್ ಆಗಿದ್ದವರು, ಕರೆಂಟ್ ಹೊಡೆದು ಕಂಬದ ಮೇಲೆಯೇ ತೀರಿಹೋದರು. ಆಮೇಲೆ ಆಕೆ ರೊಟ್ಟಿ ಮಾರಿ ಮಕ್ಕಳನ್ನು ಸಾಕಿದರು. ಊರಿನವರು ‘ಕರೆಂಟ್ ಕಮಲಕ್ಕ’ ಎಂದು ಕರೆಯತೊಡಗಿದರು. ಕಲಬುರಗಿ, ಹೈದರಾಬಾದು, ಪುಣೆಯಲ್ಲಿ ನೆಲೆಸಿದ ನಮ್ಮ ಕಡೆಯವರು ಖಡಕ್ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಬೇಕೆಂದರೆ ಆ ಹೆಸರಿನಿಂದಲೇ ಹುಡುಕುತ್ತಿದ್ದರು. ಯಾರೋ ಪುಣ್ಯಾತ್ಮ ಗಿರಾಕಿ ಮ್ಯಾಪ್‌ನಲ್ಲಿ ಅದೇ ಹೆಸರು ಹಾಕಿ, ಆಕೆಯ ಫೋನ್ ನಂಬರನ್ನೂ ಸೇರಿಸಿದ್ದ. ಕಮಲಕ್ಕನಿಗೆ ಅದೊಂದು ಇದೆ ಎಂಬುದೇ ಗೊತ್ತಿರಲಿಲ್ಲ. ಫೋನ್ ಬರುತ್ತಿತ್ತು, ರೊಟ್ಟಿ ಹೋಗುತ್ತಿತ್ತು.

ಆ ವರ್ಷ ದೀಪಾವಳಿ ಮುಗಿದ ಮೇಲೆ ವಾಡಿಯಿಂದ ಒಬ್ಬ ಸೇಠ್ ನನ್ನನ್ನು ಹುಡುಕಿಕೊಂಡು ಬಂದರು. ಲಾತೂರ ಕಡೆಯವರು. ವಾಡಿಯಲ್ಲಿ ಮಷೀನ್ ರೊಟ್ಟಿ ಘಟಕ ಹಾಕಿದ್ದರು. ಮಷೀನು ಗಂಟೆಗೆ ರಾಶಿ ರೊಟ್ಟಿ ಹಾಕುತ್ತಿತ್ತು, ಕೊಳ್ಳುವವರಿರಲಿಲ್ಲ. ಎಳ್ಳ ಅಮಾವಾಸ್ಯೆ ಹತ್ತಿರ ಬಂದಿತ್ತು. ನಮ್ಮ ಸೀಮೆಯಲ್ಲಿ ಅಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇರಲೇಬೇಕು. ರೊಟ್ಟಿ ಮಾರುವವರಿಗೆ ವರ್ಷದ ದುಡಿಮೆಯ ದಿನಗಳವು.

“ಈ ಅಮಾಶಿಗಿ ನನ್ನ ಫೋನ ಬಿಡುವಿಲ್ದಂಗ ಹೊಡೀಬೇಕ್ ನೋಡ್ರಿ” ಎಂದರು ಸೇಠ್.

ನಾನು ಒಂದು ಸಂಜೆ ಕುಳಿತು ಮೂರು ಕೆಲಸ ಮಾಡಿದೆ. ‘ಕರೆಂಟ್ ಕಮಲಕ್ಕ’ ಎಂಬ ಹೆಸರನ್ನೇ ಕೀವರ್ಡ್ ಮಾಡಿ ಹಣ ಕಟ್ಟಿದೆ. ಜಾಹೀರಾತಿನ ತಲೆಬರಹದಲ್ಲಿ ‘ಕರೆಂಟ್ ಕಮಲಕ್ಕನ ರೊಟ್ಟಿ ಬೇಕೆ? ಈಗಲೇ ಕರೆ ಮಾಡಿ’ ಎಂದು ಬರೆದು ಸೇಠರ ನಂಬರ್ ಕೊಟ್ಟೆ. ಮೂರನೆಯದು ಇನ್ನೂ ಹೊಲಸು. ಮ್ಯಾಪ್‌ನಲ್ಲಿದ್ದ ಆಕೆಯ ಅಂಗಡಿಯ ಮೇಲೆ ‘ಈ ಹೆಸರಿನ ಅಂಗಡಿ ಇಲ್ಲಿ ಇಲ್ಲ’ ಎಂದು ದೂರು ಒತ್ತಿದೆ. ಬೋರ್ಡಿನ ಮೇಲೆ ಬೇರೆ ಹೆಸರಿದೆಯಲ್ಲ, ಇದೇನು ಸುಳ್ಳಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ವಾರದಲ್ಲಿ ಆ ಗುರುತು ಮ್ಯಾಪ್‌ನಿಂದ ಅಳಿಸಿಹೋಯಿತು.

ಸೇಠರ ಘಟಕದಲ್ಲಿ ಫೋನ್ ಎತ್ತುವ ಹುಡುಗಿಗೆ ಪಾಠ ಹೇಳಿಕೊಟ್ಟವನೂ ನಾನೇ. “ಕಮಲಕ್ಕನ ಅಂಗಡಿ ಏನ್ರಿ ಅಂದ್ರ ಹೌದು ಅನ್ನಬ್ಯಾಡ, ಅಲ್ಲ ಅಂತನೂ ಅನ್ನಬ್ಯಾಡ. ‘ಎಷ್ಟು ರೊಟ್ಟಿ ಬೇಕ್ರಿ?’ ಅಂತ ಕೇಳು, ಸಾಕು” ಎಂದಿದ್ದೆ. ಸೇಠ್ ಮೇಜು ಬಡಿದು ನಕ್ಕರು. ನನಗೂ ನನ್ನ ತಲೆಯ ಬಗ್ಗೆ ಹೆಮ್ಮೆಯಾಯಿತು. ಆ ಹೆಮ್ಮೆ ನೆನಪಾದರೆ ಈಗ ಕುಳಿತಲ್ಲೇ ಮೈ ಹಿಡಿಯಾಗುತ್ತದೆ.

ಫೋನುಗಳು ಹರಿದು ಬಂದವು. ಎಷ್ಟು ಜನ ನೋಡಿದರು, ಎಷ್ಟು ಜನ ಒತ್ತಿದರು ಎಂಬ ರಿಪೋರ್ಟನ್ನು ಬಣ್ಣದ ಗೆರೆ ಎಳೆದು ಸೇಠರಿಗೆ ಕಳಿಸಿದೆ. ಗೆರೆ ಮೇಲಕ್ಕೆ ಹೋಗಿತ್ತು. ಅಮಾವಾಸ್ಯೆಗೆ ಇನ್ನು ಹತ್ತು ದಿನವಿರುವಾಗ ಕಮಲಕ್ಕ ನನ್ನ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಹೊಸ ಫೋನಿತ್ತು.

“ತಮ್ಮಾ, ಈ ಫೋನಿಗಿ ಏನಾಗ್ಯದ ನೋಡೋ. ಹಳೇ ಮಂದಿ ನಾಕ ಜನ ಬಿಟ್ರ ಯಾರ ಫೋನೂ ಬರವಲ್ದು. ಹಳೇದು ಕೆಟ್ಟದ ಅಂತ ಇದ ಹೊಸಾದು ತಗೊಂಡೆ, ಇದೂ ಹಂಗೇ ಅದ. ನೀ ಇದ್ರಾಗೇ ಇರಾಂವ, ನಿನಗ ತಿಳೀತದ.”

ನಾನು ಆ ಫೋನನ್ನು ಕೈಗೆ ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿದೆ. ನನ್ನ ಫೋನಿನಿಂದ ಕರೆ ಮಾಡಿದೆ. ಅದು ಜೋರಾಗಿ ಹೊಡೆದುಕೊಂಡಿತು. ಆಕೆಯ ಮುಖ ಅರಳಿದ್ದನ್ನು ಕಂಡು ನನ್ನ ಕಣ್ಣು ಕೆಳಗಾದವು. “ನೆಟ್‌ವರ್ಕ್ ತ್ರಾಸ್ ಅದಬೇ ಯಕ್ಕಾ, ಸರಿ ಆಗ್ತದ” ಎಂದೆ. ಬೇರೇನೂ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ನಿಜ ಹೊಳೆದಿತ್ತು, ಹೇಳಲಿಲ್ಲ. ಆಕೆ ಹೋಗುವಾಗ ಮೇಜಿನ ಮೇಲೆ ಹಿಂಡಿಯ ಪೊಟ್ಟಣ ಇಟ್ಟು ಹೋದರು.

ಅಮಾವಾಸ್ಯೆ ಕಳೆಯಿತು. ಆರು ಒಲೆಗಳಲ್ಲಿ ಮೂರೇ ಉರಿದವು ಎಂದು ನನ್ನ ಹೆಂಡತಿ ಹೇಳಿದಳು. ಆಮೇಲೆ ನಾಲ್ಕೈದು ದಿನಕ್ಕೆ ಕಮಲಕ್ಕ ಮತ್ತೆ ಬಂದರು. ಈ ಸಲ ಫೋನಿನ ಮಾತಲ್ಲ. ತೆಂಗಳಿಯ ಒಂದು ಮನೆಯಲ್ಲಿ ಮಗಳ ಕುಬಸ, ಎಂದರೆ ಸೀಮಂತ. ಹೈದರಾಬಾದಿನಲ್ಲಿರುವ ಅವಳ ಅಣ್ಣ ಫೋನಿನಲ್ಲಿ ಹೆಸರು ಹುಡುಕಿ ಮುನ್ನೂರು ರೊಟ್ಟಿ ಹೇಳಿದ್ದ. ಹೋದದ್ದು ವಾಡಿಯ ಮಷೀನ್ ರೊಟ್ಟಿ. ಪ್ಲಾಸ್ಟಿಕ್ ಚೀಲ ಬಿಚ್ಚಿದರೆ ಅರ್ಧಕ್ಕರ್ಧ ಚೂರು, ಉಳಿದದ್ದು ರಟ್ಟಿನಂತೆ. ಬೀಗರ ಮುಂದೆ ಮರ್ಯಾದೆ ಹೋಯಿತೆಂದು ಆ ಮನೆಯ ಹಿರಿಯರು ಹಳೆಯ ಡೈರಿಯಲ್ಲಿದ್ದ ನಂಬರಿಗೆ ಫೋನ್ ಮಾಡಿ ಕಮಲಕ್ಕನನ್ನು ಹಿಗ್ಗಾಮುಗ್ಗಾ ಬೈದಿದ್ದರು.

“ನಾ ಕಳಿಸಿಲ್ಲಂದ್ರ ನಂಬವಲ್ರು. ‘ನಿನ್ನ ಹೆಸರ್ಲೇ ಬಂದಾವ’ ಅಂದ್ರು. ನನ್ನ ಹೆಸರ್ಲೇ ಬಂದಾವಂದ್ರ ತಪ್ಪು ನಂದೇ ಅಲ್ಲೇನ್ ತಮ್ಮಾ? ಇದ್ದಷ್ಟು ರೊಟ್ಟಿ ಪುಟ್ಟ್ಯಾಗ ಹಾಕ್ಕೊಂಡು ಬಸ್ಸಿಗಿ ಹೋದೆ. ಬಾಗಲಾಗ ನಿಂತು ಕೈ ಮುಗದೆ.”

ಆಕೆ ಅಲ್ಲಿಗೇ ನಿಲ್ಲಿಸಿದ್ದರೆ ನಾನು ಇನ್ನೂ ಕೆಲವು ದಿನ ಬಚಾವಾಗುತ್ತಿದ್ದೆನೇನೋ. ಆದರೆ ಮುಂದಿನ ಮಾತು ಬೇರೆಯಾಗಿತ್ತು. ತನ್ನ ಕೈಕೆಳಗಿನವರೇ ಯಾರೋ ಹೊರಗಿನಿಂದ ಆರ್ಡರ್ ಹಿಡಿದು ಕಳಪೆ ರೊಟ್ಟಿ ಕಳಿಸಿದ್ದಾರೆ ಎಂದು ಆಕೆಗೆ ಅನ್ನಿಸಿತ್ತು. ಆ ಯಾರೋ ಎಂದರೆ ಸುಗಲಾಬಾಯಿ. ಹನ್ನೊಂದು ವರ್ಷದಿಂದ ಅಲ್ಲಿ ರೊಟ್ಟಿ ಬಡಿಯುತ್ತಿದ್ದವಳು. ಆರು ಜನರಲ್ಲಿ ಅವಳ ಬಳಿ ಮಾತ್ರ ದೊಡ್ಡ ಫೋನಿತ್ತು. “ಬ್ಯಾರೆ ಯಾರು ಮಾಡ್ತಾರ? ‘ನಾಳಿಂದ ಬರಬ್ಯಾಡ’ ಅಂದಬಿಟ್ಟೆ. ಅಳಕೋತ ಹೋದ್ಳು” ಎಂದು ಹೇಳುವಾಗ ಕಮಲಕ್ಕನ ದನಿಯೂ ಸಣ್ಣಗಾಗಿತ್ತು.

ಆಗಲೂ ನಾನು ಬಾಯಿ ಬಿಡಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರೆಯದೆ ಈ ಕಥನಕ್ಕೆ ಅರ್ಥವಿಲ್ಲ. “ಹೌದೇನ್?” ಎಂದೆ, ಅಷ್ಟೇ. ಆ ಒಂದು ಪದದಿಂದ ಸುಗಲಾಬಾಯಿಯ ಮೇಲಿನ ಆರೋಪಕ್ಕೆ ನಾನೂ ಸಹಿ ಹಾಕಿದಂತಾಯಿತು.

ಮೂರನೆಯ ದಿನ ನಮ್ಮ ತಾಲೂಕಿನ ಮುಧೋಳದ ರಸ್ತೆಯಲ್ಲಿ ಬೈಕಿನಲ್ಲಿ ಹೋಗುತ್ತಿದ್ದೆ. ತೊಗರಿ ಕೊಯ್ಲಿಗೆ ಕೂಲಿಯವರನ್ನು ಹೊತ್ತ ಟಂಟಂ ಆಟೋ ಒಂದು ರಸ್ತೆ ಬದಿಗೆ ನಿಂತಿತ್ತು. ಹಿಂದೆ ಕಾಲು ಇಳಿಬಿಟ್ಟು ಕುಳಿತವರಲ್ಲಿ ಸುಗಲಾಬಾಯಿ ಇದ್ದಳು. ನನ್ನನ್ನು ಕಂಡು, “ಅಣ್ಣಾ, ಯಕ್ಕಗ ಒಂದ್ ಮಾತ ಹೇಳ್ರಿ. ನನ್ನ ಫೋನಿನ್ಯಾಗ ನಾ ಹುಡ್ಗುರ ಸಾಲಿ ಮೆಸೇಜ್ ಬಿಟ್ರ ಏನೂ ನೋಡಲ್ರಿ. ಬೇಕಾದ್ರ ನೀವೇ ಚೆಕ್ ಮಾಡ್ರಿ” ಎಂದು ಫೋನನ್ನು ನನ್ನತ್ತ ಚಾಚಿದಳು. ನಾನು ಅದನ್ನು ಮುಟ್ಟಲಾರದೆ ಹೋದೆ. ಬೈಕ್ ತಿರುಗಿಸಿ ನೇರ ಕಮಲಕ್ಕನ ಪಡಸಾಲೆಗೆ ಬಂದೆ.

ಹೆಂಗಸರೆಲ್ಲ ಕೆಲಸದಲ್ಲಿದ್ದರು. ಒಳಗೆ ಕರೆದು ಗುಟ್ಟಾಗಿ ಹೇಳಬಹುದಿತ್ತು. ಆದರೆ ಸುಗಲಾಬಾಯಿಯನ್ನು ಎಲ್ಲರ ಮುಂದೆ ಹೊರಗೆ ಹಾಕಿದ್ದರಲ್ಲ ಎಂದುಕೊಂಡು ಎಲ್ಲರ ಮುಂದೆಯೇ ಹೇಳಿದೆ. ಕೀವರ್ಡ್ ಎಂದರೇನು ಎಂದು ಶುರು ಮಾಡಿ ತಡವರಿಸಿದೆ. ಕೊನೆಗೆ, “ನಿನ್ನ ಹೆಸರ ನಾ ವಾಡಿ ಸೇಠಗ ಕೊಟ್ಟೆ ಯಕ್ಕಾ. ನಿನಗ ಬರೋ ಫೋನ ಅವರಿಗಿ ಹೋಗಾಕತ್ತಾವ. ಸುಗಲಾಬಾಯಿದು ಏನೂ ತಪ್ಪಿಲ್ಲ” ಎಂದೆ. ರೊಟ್ಟಿ ಬಡಿಯುವ ಸದ್ದು ನಿಂತಿತು.

ಕಮಲಕ್ಕ ಕೈಗಂಟಿದ ಹಿಟ್ಟನ್ನು ಉಜ್ಜಿಕೊಂಡರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. ಆಕೆ ಕೇಳಿದ್ದು ಬೇರೆ.

“ಬೋರ್ಡ ಮಾಡ್ಕೊಟ್ಟಾಗ ‘ಕರೆಂಟ್ ಅಂತ ಹಾಕ್ಲೇನ್ ಯಕ್ಕಾ, ಮಂದಿಗಿ ಗೊತ್ತಾಗ್ತದ’ ಅಂತ ನೀನೇ ಕೇಳಿದ್ದಿ. ನಾ ಏನಂದಿದ್ದೆ?”

ನನಗೆ ನೆನಪಿತ್ತು. ‘ಕರಿಯೋರು ಕರೀಲಿ. ಅವ್ರು ಸತ್ತದ್ದನ್ನ ಬೋರ್ಡಿಗಿ ಬರ್ದು ರೊಟ್ಟಿ ಮಾರಾಕ ನಾ ಒಲ್ಲೆ’ ಎಂದಿದ್ದರು. ಉತ್ತರಕ್ಕೆ ಕಾಯದೆ ಆಕೆ ಎದ್ದು ಸೆರಗು ಸರಿಪಡಿಸಿಕೊಂಡು, ಸುಗಲಾಬಾಯಿಯ ಮನೆಯತ್ತ ನಡೆದರು. ಸಂಜೆ ಅವಳು ಹೊಲದಿಂದ ಬರುವವರೆಗೂ ಅವಳ ಕಟ್ಟೆಯ ಮೇಲೆ ಕುಳಿತಿದ್ದರಂತೆ. ಮರುದಿನ ಸುಗಲಾಬಾಯಿ ಕೆಲಸಕ್ಕೆ ಬಂದಳು.

ನಾನು ಅಂದೇ ಜಾಹೀರಾತು ನಿಲ್ಲಿಸಿದೆ. ಸೇಠರಿಗೆ ಸಿಟ್ಟು ಬಂತು. “ಇದ್ರಾಗ ತಪ್ಪೇನದ್ರಿ? ಎಲ್ಲಾರೂ ಮಾಡ್ತಾರ” ಎಂದರು. ತಪ್ಪೇನೆಂದು ಅವರಿಗೆ ತಿಳಿಸಿ ಹೇಳುವ ಯೋಗ್ಯತೆ ನನಗಿರಲಿಲ್ಲ, ಕಲಿಸಿದವನೇ ನಾನು. ಅವರ ಕೆಲಸ ಬಿಟ್ಟೆ. ತೆಂಗಳಿಗೂ ಹೋಗಿ ಆ ಹಿರಿಯರಿಗೆ ನಡೆದದ್ದು ಹೇಳಿ ಬಂದೆ. ಅವರು ನನಗೆ ಕುಡಿಯಲು ನೀರನ್ನೂ ಕೊಡಲಿಲ್ಲ, ಕೊಡದಿದ್ದದ್ದೇ ಸರಿ.

ಉಳಿದದ್ದು ಮ್ಯಾಪ್. ಅಳಿಸಿಹೋದ ಗುರುತನ್ನು ಮತ್ತೆ ಹಾಕಿಸಲು ಅರ್ಜಿ ಕೊಟ್ಟೆ. ಆ ಹೆಸರಿನ ಅಂಗಡಿ ಇಲ್ಲವೆಂದು ಒಮ್ಮೆ ದಾಖಲಾದ ಮೇಲೆ ಸುಲಭವಾಗಿ ಒಪ್ಪುವುದಿಲ್ಲ, ವೆರಿಫಿಕೇಷನ್ ಬೇಕು. ಎಂದರೆ ರಸ್ತೆ, ಹೆಸರಿರುವ ಬೋರ್ಡು, ಒಳಗೆ ನಡೆಯುವ ಕೆಲಸ, ಮೂರೂ ಒಂದೇ ವಿಡಿಯೋದಲ್ಲಿ ಕಾಣಬೇಕು. ಬೋರ್ಡಿನ ಮೇಲೆ ಅದೇ ಹೆಸರಿರಬೇಕು. ದೇವರ ಹೆಸರಿನಿಂದ ಬೇರೆ ಗುರುತು ಹಾಕಬಹುದಿತ್ತು, ಆದರೆ ಆ ಹೆಸರನ್ನು ಯಾರೂ ಹುಡುಕುವುದಿಲ್ಲ. ಇದನ್ನು ಹೇಳಲು ಹೋದ ದಿನ ನಾನು ಪಡಸಾಲೆಯ ಹೊರಗೇ ನಿಂತಿದ್ದೆ. ಕಮಲಕ್ಕ ಒಳಗಿದ್ದ ಆರು ಹೆಂಗಸರತ್ತ ಒಮ್ಮೆ ನೋಡಿದರು.

“ಇವ್ರ ಒಲಿ ಹಚ್ಚಬೇಕಲ್ಲ. ಬರೀ” ಎಂದರು.

ಬೋರ್ಡನ್ನು ನಾನೇ ಮಾಡಿದೆ, ನಾನೇ ಏಣಿ ಹತ್ತಿ ಮೊಳೆ ಹೊಡೆದೆ. ಆಕೆಗೆ ಓದು ಬಾರದು. ಕೆಳಗೆ ನಿಂತು, “ಏನ್ ಬರ್ದೀ, ಓದು” ಎಂದರು. ‘ಕರೆಂಟ್ ಕಮಲಕ್ಕನ ರೊಟ್ಟಿ’ ಎಂದು ಓಣಿಗೆ ಕೇಳುವಂತೆ ಓದಿದೆ. ಆಕೆ ತಲೆಯ ಮೇಲೆ ಸೆರಗು ಹೊದ್ದು ಬೋರ್ಡಿನ ಕೆಳಗೆ ನಿಂತರು, ನಾನು ವಿಡಿಯೋ ಮಾಡಿದೆ. ಮೂರು ವಾರಕ್ಕೆ ಗುರುತು ಮರಳಿ ಬಂತು, ಫೋನುಗಳೂ ನಿಧಾನವಾಗಿ ಮರಳಿದವು. ಈಗ ಆರೂ ಒಲೆ ಉರಿಯುತ್ತವೆ.

ಈಗಲೂ ನಾನು ಇದೇ ಕಸುಬಿನಲ್ಲಿದ್ದೇನೆ. ಚಿಂಚೋಳಿ, ಶಹಾಬಾದ್ ಎಂದು ತಿರುಗುತ್ತೇನೆ. ಇನ್ನೊಬ್ಬರ ಹೆಸರಿಗೆ ಹಣ ಕಟ್ಟಲು ಯಾರಾದರೂ ಕೇಳಿದರೆ ಒಲ್ಲೆನೆನ್ನುತ್ತೇನೆ. ನಮ್ಮ ಊರಿನ ಬಗ್ಗೆ ನಮಗೆ ಗೊತ್ತಿರುವುದು ಬಹುಪಾಲು ನಮ್ಮನ್ನು ನಂಬಿದವರು ಕೊಟ್ಟದ್ದು, ಅದನ್ನು ಮಾರುವ ಹಕ್ಕು ನಮಗಿಲ್ಲ ಎಂಬುದನ್ನು ಈ ಕೆಲಸ ನನಗೆ ತಡವಾಗಿ ಕಲಿಸಿತು. ಕಮಲಕ್ಕ ಎದುರಾದರೆ ಮಾತನಾಡಿಸುತ್ತಾರೆ, ಹೆಂಡತಿ ಮಕ್ಕಳನ್ನು ವಿಚಾರಿಸುತ್ತಾರೆ. ಯಾಕೆ ಹಾಗೆ ಮಾಡಿದಿ ಎಂದು ಮಾತ್ರ ಇವತ್ತಿನವರೆಗೆ ಕೇಳಿಲ್ಲ. ಕೇಳಿದರೆ, ಹಣದ ಕಷ್ಟವಿತ್ತು ಎನ್ನಲಾರೆ, ಅಂಥ ಕಷ್ಟವೇನೂ ಇರಲಿಲ್ಲ. ಆಕೆಯ ಮೇಲೆ ಸಿಟ್ಟಿತ್ತು ಎನ್ನಲಾರೆ, ಅದೂ ಇರಲಿಲ್ಲ. ನನಗೆ ಆ ಹೆಸರು ಗೊತ್ತಿತ್ತು, ಅದಕ್ಕೇ ಮಾಡಿದೆ.