ನನ್ನ ತೂಕಕ್ಕೆ ನಿಲ್ಲುತ್ತಿದ್ದ ಲಿಫ್ಟು

ಅವರ ಬಲ ಅಂಗೈಯ ನಡುವೆ ಅಡ್ಡಲಾಗಿ ಒಂದು ಕಪ್ಪು ಗೆರೆ ಇತ್ತು. ಗ್ರೀಸಿನ ಗೆರೆ. ಸೋಪು, ಸೀಮೆಎಣ್ಣೆ, ಹೆಂಡತಿ ಕೊಟ್ಟ ತೆಂಗಿನ ನಾರು, ಯಾವುದಕ್ಕೂ ಅದು ಹೋಗಿರಲಿಲ್ಲ. ಲಿಫ್ಟು ಬಂದು ನಿಂತ ಕೂಡಲೇ ಅವರು ಮೊಣಕಾಲೂರಿ ಹೊಸ್ತಿಲಿನ ಮೇಲೆ ಅಂಗೈ ಇಡುತ್ತಿದ್ದರು. ಅರ್ಧ ಅಂಗೈ ಲಿಫ್ಟಿನ ನೆಲದ ಮೇಲೆ, ಇನ್ನರ್ಧ ಮಹಡಿಯ ನೆಲದ ಮೇಲೆ. ಮಟ್ಟ ನೋಡುವ ಸಾಧನ ಚೀಲದಲ್ಲಿ ಬೆಚ್ಚಗೆ ಮಲಗಿರುತ್ತಿತ್ತು. "ಕೈ ಸುಳ್ಳು ಹೇಳಂಗಿಲ್ರಿ ಅಕ್ಕಾರ" ಎನ್ನುತ್ತಿದ್ದರು.

ಸೋಲಾಪುರದ ನಮ್ಮ ಕಟ್ಟಡಕ್ಕೆ ಅವರು ಲಿಫ್ಟ್ ಮಿಸ್ತ್ರಿ. ಊರು ಅಕ್ಕಲಕೋಟೆ ತಾಲೂಕಿನ ಕುರನೂರ. ಕೆಳಗೆ ಬಟ್ಟೆ ಅಂಗಡಿಗಳು, ಮೇಲೆ ಮನೆಗಳಿರುವ ಕಟ್ಟಡ ನಮ್ಮದು. ನಾಲ್ಕನೇ ಮಹಡಿಯಲ್ಲಿ ನಾನು, ಕನ್ನಡ ಸಾಲೆಯ ಮಾಸ್ತರಿಣಿ. ಚಿಕ್ಕಂದಿನ ಪೋಲಿಯೋದಿಂದಾಗಿ ಗಾಲಿಕುರ್ಚಿಯವಳು. ಕಟ್ಟಡದವರೆಲ್ಲರ ಜೊತೆ ಮಿಸ್ತ್ರಿಯವರದು ಮರಾಠಿ. ಒಮ್ಮೆ ನಾನು ಫೋನಿನಲ್ಲಿ ವಿದ್ಯಾರ್ಥಿಯೊಬ್ಬನನ್ನು ಅಪ್ಪಟ ಕನ್ನಡದಲ್ಲಿ ಗದರಿಸುವುದನ್ನು ಕೇಳಿ, "ಅಯ್ಯ, ನೀವು ನಮ್ಮವರ ಅದೀರಲ್ರಿ!" ಎಂದರು. ಅಂದಿನಿಂದ ನಾನು ಅಕ್ಕಾರ ಆದೆ. ವಯಸ್ಸಿನಲ್ಲಿ ಅವರೇ ನನಗಿಂತ ದೊಡ್ಡವರು.

ಅವರಿಗೆ ಸಿಟ್ಟು ಬರುತ್ತಿದ್ದುದು ವರ್ಷಕ್ಕೊಮ್ಮೆ, ದಸರೆಗೆ. ಆಯುಧಪೂಜೆಯೆಂದು ಎಲ್ಲರೂ ಲಿಫ್ಟಿನ ಹೊಸ್ತಿಲಿಗೇ ಕುಂಕುಮ, ಅಕ್ಷತೆ, ಚೆಂಡು ಹೂ ಏರಿಸುತ್ತಿದ್ದರು. ತೆಂಗಿನಕಾಯಿಯನ್ನೂ ಅಲ್ಲೇ ಒಡೆಯುತ್ತಿದ್ದರು. ಅಕ್ಕಿಕಾಳು ಬಾಗಿಲು ಸರಿಯುವ ಸಂದಿಯಲ್ಲಿ ಸಿಕ್ಕಿಕೊಂಡು ಮರುದಿನ ಜಾಳಿ ಬಾಗಿಲು ಅಲ್ಲಾಡುತ್ತಿರಲಿಲ್ಲ. "ದೇವರಿಗೆ ಇಷ್ಟು ದೊಡ್ಡ ಗ್ವಾಡಿ ಸಾಲವಲ್ದೇನ್ರಿ?" ಎಂದು ಪಕ್ಕದ ಗೋಡೆ ತೋರಿಸಿ ಗೊಣಗುತ್ತ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಕಾಳು ಕೀಳುತ್ತಿದ್ದರು. ಆಮೇಲೆ ತಾವೇ ತಾರಸಿಯ ಮಷೀನ್ ರೂಮಿಗೆ ಹೋಗಿ ಮೋಟಾರಿಗೆ ಹೂವಿಟ್ಟು ಕೈ ಮುಗಿದು ಬರುತ್ತಿದ್ದರು.

ಹಳೆಯ ಲಿಫ್ಟುಗಳ ಸ್ವಭಾವ ಎಲ್ಲರಿಗೂ ತಿಳಿದಿರಲಿಕ್ಕಿಲ್ಲ. ಒಳಗಿನ ಭಾರ ಬದಲಾದರೆ ಅವು ನಿಲ್ಲುವ ಜಾಗವೂ ಬೆರಳಷ್ಟು ಮೇಲೆ ಕೆಳಗೆ ಆಗುತ್ತದೆ. ನಡೆಯುವವರಿಗೆ ಅದು ಲೆಕ್ಕಕ್ಕಿಲ್ಲ. ನನ್ನ ಕುರ್ಚಿಯ ಮುಂದಿನ ಪುಟ್ಟ ಗಾಲಿಗಳಿಗೆ ಮಾತ್ರ ಅದೇ ಗೋಡೆ. ನಾನೊಬ್ಬಳೇ ಇಳಿದರೆ ಲಿಫ್ಟು ನೆಲಕ್ಕಿಂತ ಮೇಲೆಯೇ ನಿಂತುಬಿಡುತ್ತಿತ್ತು. ಯಾರಾದರೂ ಬಂದು ಕುರ್ಚಿ ಹಿಡಿದು ಇಳಿಸುವವರೆಗೆ ಪಂಜರದ ಗಿಣಿಯ ಹಾಗೆ ಒಳಗೇ ಕಾಯಬೇಕು. ಹೆಚ್ಚಾಗಿ ಬರುತ್ತಿದ್ದವರು ಮೂರನೇ ಮಹಡಿಯ ಟವೆಲ್ ವ್ಯಾಪಾರಿ ಶೇಠರು. ಕುರ್ಚಿ ಇಳಿಸಿದ ಮೇಲೆ ಮೇಲಕ್ಕೆ ನೋಡಿ, ಸುತ್ತಲಿನವರಿಗೆಲ್ಲ ಕೇಳುವಂತೆ, "ಸ್ವಾಮಿ, ನಿನ್ನ ಸೇವಾ!" ಎಂದು ಕೈ ಮುಗಿಯುತ್ತಿದ್ದರು. ಇಡೀ ಸೋಲಾಪುರದಲ್ಲಿ ನನ್ನಷ್ಟು ಪುಣ್ಯ ಹಂಚಿದವರು ಇರಲಿಕ್ಕಿಲ್ಲ. ನಗುತ್ತಲೇ ಹೇಳುತ್ತಿದ್ದೇನೆ, ಆದರೆ ಆ ದಿನಗಳಲ್ಲಿ ಸಾಲೆ ತಲುಪುವಷ್ಟರಲ್ಲಿ ನನ್ನ ಮನಸ್ಸು ಹಿಂಡಿ ಹೋಗಿರುತ್ತಿತ್ತು.

ಈ ಸೇವೆಯನ್ನು ಮಿಸ್ತ್ರಿ ಒಂದು ದಿನ ಕಂಡರು. ಮುಂದಿನ ರವಿವಾರ ಬಂದು, "ಅಕ್ಕಾರ, ಇವತ್ತ ನಿಮ್ಮ ಕೆಲಸ ಅದ. ಬರೇ ಕುಂತು ಮ್ಯಾಲ ಕೆಳಗ ಅಡ್ಡಾಡ್ರಿ" ಎಂದರು. ಬೆಳಗಿನಿಂದ ಮಧ್ಯಾಹ್ನದವರೆಗೆ ನಾನು ಹತ್ತಿ ಇಳಿದೆ. ಅವರು ಒಮ್ಮೆ ಬ್ರೇಕು ಬಿಗಿ ಮಾಡುವರು, ಒಮ್ಮೆ ಲಿಫ್ಟಿನ ನೆತ್ತಿಯ ಮೇಲೆ ನಿಂತು ಗೋಡೆಯ ಸ್ವಿಚ್ಚನ್ನು ಕೂದಲೆಳೆಯಷ್ಟು ಸರಿಸುವರು, ಮತ್ತೆ ಬಂದು ಅಂಗೈ ಇಡುವರು. ಕೊನೆಗೆ ಎದ್ದು ನಿಂತು, "ಈಗ ಹೊರಗ ಹೋಗಿ ತೋರಸ್ರಿ" ಎಂದರು.

ಗಾಲಿಗಳು ಹೊಸ್ತಿಲು ದಾಟಿದ್ದು ನನಗೆ ತಿಳಿಯಲೇ ಇಲ್ಲ. ದಾಟಿ, ಅಂಗಡಿಯವರು ಬೈಕು ಹತ್ತಿಸಲು ಕಟ್ಟಿಸಿಕೊಂಡ ಇಳಿಜಾರಿನಲ್ಲಿ ಇಳಿದು, ಬೀದಿಗೆ ಬಂದುಬಿಟ್ಟಿದ್ದೆ. ಯಾರನ್ನೂ ಕರೆದಿರಲಿಲ್ಲ. ತಿರುಗಿ ಬರುವಾಗ ಅಳು ತಡೆಯಲಾಗಲಿಲ್ಲ. ಅವರು ಬೇಕೆಂದೇ ಚೀಲದೊಳಗೆ ತಲೆ ಹಾಕಿ ಏನನ್ನೋ ಹುಡುಕತೊಡಗಿದರು.

"ಒಂದು ಮಾತ್ರಿ" ಎಂದರು ಆಮೇಲೆ. "ಕೆಳಗಿಂದು, ನಾಕನೇದ್ದು, ಎರಡೂ ನಿಮ್ಮ ತೂಕಕ್ಕ ಕುಂದ್ರಸೀನಿ. ಮಂದಿ ತುಂಬಿದ್ರ ಲಿಫ್ಟ್ ನೆಲಕ್ಕಿಂತ ಕೆಳಗ ನಿಂದರತದ. ಎಡವತಾರ. ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ."

"ಯಾಕ್ರಿ? ಹೇಳಿದ್ರ ತಿಳ್ಕೊಂತಾರ."

"ಒಂದ್ ದಿನ ತಿಳ್ಕೊಂತಾರ. ಆಮ್ಯಾಲ ಎಡವಿದವರೆಲ್ಲ ನಿಮ್ಮ ಕುರ್ಚಿ ಕಡೆ ನೋಡ್ತಾರ. ಅದರಕಿಂತ ನನಗ ಬೈಲಿ. ನನಗ ರೂಢಿ ಅದ."

ಆ ವರ್ಷಗಳು ನನ್ನ ಬದುಕಿನ ಸುಖದ ವರ್ಷಗಳು. ಒಬ್ಬಳೇ ಸಾಲೆಗೆ ಹೋದೆ, ಒಬ್ಬಳೇ ಸಂತೆಗೆ ಹೋಗಿ ಮೆಂತ್ಯ ಸೊಪ್ಪಿಗೆ ಚೌಕಾಸಿ ಮಾಡಿದೆ. ಏನೂ ಕೆಲಸವಿಲ್ಲದೆ, ಇಳಿಯಬಹುದು ಎಂಬ ಒಂದೇ ಕಾರಣಕ್ಕೆ ಕೆಳಗಿಳಿದದ್ದೂ ಉಂಟು. ಅತ್ತ ಕಟ್ಟಡದವರು ಕೆಳಗೆ ಇಳಿಯುವಾಗೆಲ್ಲ ಮುಗ್ಗರಿಸಿ ಮಿಸ್ತ್ರಿಗೆ ಶಾಪ ಹಾಕುತ್ತಿದ್ದರು. ಅವರು ಬಂದು, ಮೊಣಕಾಲೂರಿ, ಅಂಗೈಯಿಟ್ಟು, "ನೋಡ್ತೀನ್ರಿ" ಎಂದು ಹೇಳಿ ಏನನ್ನೂ ಮುಟ್ಟದೆ ಎದ್ದು ಹೋಗುತ್ತಿದ್ದರು.

ಹಾಗೆಯೇ ನಡೆದುಹೋಗುತ್ತಿತ್ತೇನೋ, ಗಣಪತಿ ಅಡ್ಡ ಬಂದ. ವಿಸರ್ಜನೆಯ ದಿನ ಶೇಠರು ಮೂರ್ತಿಯನ್ನು ಎದೆಗವಚಿಕೊಂಡು, ಹೆಂಡತಿ ಮಕ್ಕಳು, ಬೀಗರು, ತಾಳ ಜಾಗಟೆ ಸಮೇತ ಲಿಫ್ಟಿನೊಳಗೆ ತುಂಬಿಕೊಂಡರು. ಆ ಭಾರಕ್ಕೆ ಲಿಫ್ಟು ಕೆಳಗೆ ಇಳಿದು ನಿಂತಿತು. ಜಯಕಾರ ಹಾಕುತ್ತ ಹೊರಗೆ ಕಾಲಿಟ್ಟ ಶೇಠರು ಎಡವಿದರು. ಅವರಿಗೇನೂ ಆಗಲಿಲ್ಲ, ಗಣಪತಿಯ ಕೈ ಮುರಿಯಿತು. ಇನ್ನು ತಾಸೊಪ್ಪತ್ತಿನಲ್ಲಿ ನೀರಿಗೆ ಹೋಗಬೇಕಾದ ಮೂರ್ತಿಯೇ. ಆದರೂ ಆ ಮನೆಯಲ್ಲಿ ಅಂದು ಯಾರೂ ಉಣ್ಣಲಿಲ್ಲ.

ವಾರದೊಳಗೆ ಕಟ್ಟಡದ ಸೊಸಾಯಟಿಯ ಮೀಟಿಂಗ್ ಕೂಡಿತು. ಮಿಸ್ತ್ರಿಯನ್ನೂ ಕರೆಸಿದ್ದರು. ಮಾತೆಲ್ಲ ಮರಾಠಿಯಲ್ಲೇ ನಡೆಯಿತು. "ಲೆವೆಲ್ ಸುದ್ದಾ ತರಾಕ ಬರಂಗಿಲ್ಲ, ಇಂವ ಎಂಥಾ ಕಾರೀಗರ?" ಎಂದು ಶೇಠರು ಕೂಗಾಡಿದರು. "ಒಂದು ನಿಮಿಷ, ನಾ ಹೇಳ್ತೀನಿ" ಎಂದು ಕೈ ಎತ್ತಿದೆ. ಮಿಸ್ತ್ರಿ ನನ್ನ ಕಡೆ ನೋಡದೆಯೇ ಎದ್ದು ನಿಂತು ನನ್ನ ಮಾತನ್ನು ಅಲ್ಲೇ ತುಂಡರಿಸಿದರು.

"ಶೇಠಜಿ ಅನ್ನೂದು ಖರೇ ಅದರಿ. ನನ್ನ ಕೈಲೆ ಆಗವಲ್ದು. ಹೊಸ ಮಷೀನ್ ಕುಂದ್ರಸ್ರಿ. ಭಾರ ಎಷ್ಟರ ಇರಲಿ, ಅದು ಸಮನ ನಿಂದರತದ."

ತುಂಬಿದ ಸಭೆಯಲ್ಲಿ ತನಗೆ ಕೆಲಸ ಬಾರದು ಎಂದು ಒಪ್ಪಿಕೊಂಡ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ನನ್ನ ಎತ್ತಿದ ಕೈ ಎತ್ತಿದಂತೆಯೇ ಇತ್ತು. ಆಮೇಲೆ ಅದನ್ನು ಇಳಿಸಿಕೊಂಡೆ.

ಹೊಸ ಮೋಟಾರು, ಹೊಸ ಪ್ಯಾನಲ್, ತಾನಾಗಿ ಸರಿಯುವ ಬಾಗಿಲು ಬಂದವು. ಅವರು ಹೇಳಿದಂತೆಯೇ ನನಗೂ ಸಮ, ಶೇಠರಿಗೂ ಸಮ. ಆ ಪ್ಯಾನಲ್ಲಿಗೆ ಕಂಪನಿಯವರದೇ ಬೀಗ. ಹೊರಗಿನ ಮಿಸ್ತ್ರಿಗೆ ಅಲ್ಲಿ ಕೆಲಸವಿಲ್ಲ. ಗಣಪತಿಯ ಕೈ ಮುರಿದ ಕಥೆಯನ್ನು ಶೇಠರು ಬಟ್ಟೆ ಪೇಟೆಯ ತುಂಬ ಹೇಳಿಕೊಂಡು ತಿರುಗಿದರು. ಮಿಸ್ತ್ರಿ ನೋಡಿಕೊಳ್ಳುತ್ತಿದ್ದ ಉಳಿದ ಕಟ್ಟಡಗಳೂ ಒಂದೊಂದಾಗಿ ಅವರ ಕೈ ಬಿಟ್ಟವು. ಅವರು ಸೋಲಾಪುರದ ಬಾಡಿಗೆ ಮನೆ ಖಾಲಿ ಮಾಡಿ ಊರಿಗೆ ಹೋದರು. ಅಕ್ಕಲಕೋಟೆಯಲ್ಲಿ ಯಾತ್ರಿಕರು ಇಳಿಯುವ ಒಂದು ಲಾಡ್ಜಿನ ಲಿಫ್ಟು ನೋಡಿಕೊಳ್ಳುವ ಕೆಲಸ ಸಿಕ್ಕಿತು.

ಅಲ್ಲಿನ ಸ್ವಾಮಿಗಳ ಗುಡಿಗೆ ದರ್ಶನಕ್ಕೆಂದು ಹೋದಾಗ ಅವರನ್ನು ಲಾಡ್ಜಿನಲ್ಲೇ ಕಂಡೆ. ಗುರುವಾರದ ಗದ್ದಲದಲ್ಲಿ, "ಹಿರಿಯಾರು ಮೊದಲ ಹತ್ತಲಿ, ಉಳಿದಾರು ತಡೀರಿ" ಎಂದು ಜನರನ್ನು ಬಿಡುತ್ತಿದ್ದರು. ಸೊರಗಿದ್ದರು. ನಾನು ಬೇರೆ ಮಾತಿಗೆ ಮುಂಚೆಯೇ, "ಈಗರ ಎಲ್ಲಾರಿಗೂ ಹೇಳತೀನ್ರಿ, ನನಗ ತಡಕೊಳ್ಳೂದು ಆಗವಲ್ದು" ಎಂದೆ.

"ಹೇಳಿ ಏನ್ ಮಾಡ್ತೀರಿ, ಬಿಡ್ರಿ. ನೀವೊಬ್ಬರೇ ಬಂದೀರೋ, ಯಾರರ ಕರ್ಕೊಂಡ ಬಂದಾರೋ?"

"ಒಬ್ಬಾಕಿನ ಬಂದೀನಿ."

"ಮತ್ತೇನು!" ಎಂದು ನಕ್ಕರು. ಆ ನಗು ನೋಡಿ ನಾನೂ ಸುಮ್ಮನಾದೆ. ಅವರು ಕೊಡಿಸಿದ ಚಹಾ ಕುಡಿದು ರಿಕ್ಷಾ ಹಿಡಿದೆ. ಅದೇ ಕೊನೆಯ ಭೇಟಿ.

ಈ ಸಲ ದಸರೆಗೆ ಫೋನು ಮಾಡಿದಾಗ ಎತ್ತಿದವರು ಅವರ ಹೆಂಡತಿ. ಎದೆನೋವೆಂದು ಕುಳಿತವರು ಮತ್ತೆ ಏಳಲಿಲ್ಲವಂತೆ. ತಿಂಗಳಾಗಿತ್ತು, ನನಗೆ ತಿಳಿಸುವವರು ಯಾರೂ ಇರಲಿಲ್ಲ. ರಿಕ್ಷಾ ಮಾಡಿಕೊಂಡು ಕುರನೂರಕ್ಕೆ ಹೋದೆ. ಮನೆಯ ಕಟ್ಟೆ ಎತ್ತರ, ನಾನು ಅಂಗಳದಲ್ಲೇ ಉಳಿದೆ. ಆಕೆಯೇ ಇಳಿದು ಬಂದು ನನ್ನೆದುರು ನೆಲದ ಮೇಲೆ ಕುಳಿತರು. ಅವರ ಊಟ, ಅವರ ಕೆಮ್ಮು, ಮೊಮ್ಮಗಳ ಮೇಲೆ ಅವರಿಗಿದ್ದ ಜೀವ, ಎಲ್ಲ ಹೇಳಿದರು. ಆಮೇಲೆ ಸೆರಗಿನ ಅಂಚು ತಿರುವುತ್ತ ಹೇಳಿದರು.

"ಸೋಲಾಪುರ ಬಿಟ್ಟ ಬಂದಾಗ ನಾ ಭಾಳ ಅಂದೆರಿ ಅವರಿಗೆ. ಜನ್ಮಪೂರ್ತಿ ಇದ ಕೆಲಸ ಮಾಡಿ ಒಂದ್ ಲಿಫ್ಟ್ ಸಮ ನಿಂದ್ರಸಾಕ ಬರಲಿಲ್ಲ ನಿಮಗ, ಮಂದ್ಯಾಗ ಮಾರಿ ಎತ್ತಿ ತಿರಗದಂಗ ಮಾಡಿದ್ರಿ ಅಂತ. ಹೊತ್ತು ಹೊಂಟ್ರ ಇದ ಮಾತು. ಒಂದ್ ದಿನಾನೂ ತಿರುಗಿ ಮಾತಾಡಲಿಲ್ಲ."

ಹೆಂಡತಿಗೂ ಹೇಳಿರಲಿಲ್ಲ ಆ ಮನುಷ್ಯ. ನಾನು ಎಲ್ಲವನ್ನೂ ಹೇಳಿದೆ. ಆ ರವಿವಾರ, ನನ್ನ ತೂಕ, ಮೀಟಿಂಗಿನಲ್ಲಿ ಅವರು ನನ್ನ ಬಾಯಿ ಕಟ್ಟಿದ್ದು, ಎಲ್ಲ. ಆಕೆ ರೆಪ್ಪೆ ಮಿಟುಕಿಸದೆ ಕೇಳಿದರು.

"ಹಂಗಾರ ಅವರಿಗೆ ಬರ್ತಿತ್ತೇನ್ರಿ?"

"ಬರ್ತಿತ್ತರಿ. ಅವರಷ್ಟು ಚಲೋ ಯಾರಿಗೂ ಬರ್ತಿದ್ದಿಲ್ಲ."

ಆಕೆ ದನಿ ಎತ್ತರಿಸಲಿಲ್ಲ, ಬೈಯಲೂ ಇಲ್ಲ.

"ಅವರು ಇದ್ದಾಗ ಬಂದು ಈ ಮಾತು ಹೇಳಬೇಕಾಗಿತ್ತಲ್ರಿ ಅಕ್ಕಾರ, ನೀವು" ಎಂದರು.

ಹೇಳಬೇಕಾಗಿತ್ತು.