ಬೊಂತೆಯ ಜೊತೆ ನಿಂತುಹೋದ ಕಥೆ

ಮೊದಲು ಒಂದು ತಪ್ಪೊಪ್ಪಿಗೆ. ಕೋಲಾರದ ಸುತ್ತಮುತ್ತ ಮೂವತ್ತು ವರ್ಷ ಸಮಾಜ ಪಾಠದ ಮೇಷ್ಟ್ರಾಗಿದ್ದ ನಾನು, ಎಸ್ಕಿಮೋಗಳು ಮಂಜಿನ ಮನೆಯಲ್ಲಿರುತ್ತಾರೆ ಎಂದು ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ ಬೋರಲು ಹಾಕಿದ ಬಾಣಲೆಯಂಥದ್ದೊಂದನ್ನು ಬರೆದು ಕೈ ಒರೆಸಿಕೊಳ್ಳುತ್ತಿದ್ದೆ. ನಾನು ಮುಟ್ಟಿದ್ದ ಮಂಜುಗಡ್ಡೆ ಬಸ್ ಸ್ಟ್ಯಾಂಡಿನ ಕಬ್ಬಿನ ಹಾಲಿನ ಅಂಗಡಿಯದ್ದು ಮಾತ್ರ. ಹುತ್ತೂರಿನ ಶಾಲೆಯಲ್ಲಿ ಒಬ್ಬ ಹುಡುಗಿ ಎದ್ದು, "ಸಾ, ಬೇಸಿಗೇಲಿ ಮನೆ ಕರಗೋದ್ರೆ ಎಲ್ಲಿರ್ತಾರೆ ಸಾ?" ಅಂತ ಕೇಳಿದ್ದಳು. "ಪುಸ್ತಕದಲ್ಲಿಲ್ಲ, ಕೂತ್ಕೊಳ್ಳಮ್ಮ" ಅಂದಿದ್ದೆ.

ನಿವೃತ್ತನಾಗಿ ಮನೆಯಲ್ಲಿ ಫೋನು ಒತ್ತುತ್ತಾ ಕೂರುವ ಕಾಲ ಬಂದ ಮೇಲೆ ಉತ್ತರ ಸಿಕ್ಕಿತು. ಬೇಸಿಗೆಯಲ್ಲಿ ತೊಗಲಿನ ಡೇರೆಗಳಲ್ಲಿ ಇರುತ್ತಿದ್ದರಂತೆ. ತಮ್ಮನ್ನು ಅವರು ಕರೆದುಕೊಳ್ಳುವುದು ಇನ್ಯೂಟರು ಅಂತಂತೆ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಮನೆಯ ಸಂಗತಿಯಲ್ಲ, ಆ ಮನೆಯ ಹೆಂಗಸರದು. ತೊಗಲನ್ನು ಹಲ್ಲಿನಲ್ಲಿ ಅಗಿದಗಿದು ಮೆತ್ತಗೆ ಮಾಡುತ್ತಾರೆ. ಮುದಿವಯಸ್ಸಿಗೆ ಹಲ್ಲೆಲ್ಲ ಸವೆದು ಒಸಡಿನ ಮಟ್ಟಕ್ಕೆ ಬಂದಿರುತ್ತದೆ. ಕಾಲಿನ ಬೂಟು ಹೊಲಿಯುವಾಗ ಸೂಜಿ ತೊಗಲಿನ ಅರ್ಧ ದಪ್ಪಕ್ಕೆ ಇಳಿದು ಹಾಗೇ ಮೇಲೆ ಬರಬೇಕು, ಆಚೆ ತೂತು ಬೀಳಕೂಡದು. ಬಿದ್ದರೆ ನೀರು ಒಳಬಂದು ಬೇಟೆಗೆ ಹೋದ ಗಂಡನ ಕಾಲು ಮರಗಟ್ಟುತ್ತದೆ. ಸೂರ್ಯನೇ ಮೂಡದ ತಿಂಗಳುಗಳಲ್ಲಿ ಕೊಬ್ಬಿನ ದೀಪದ ಸುತ್ತ ಕೂತು ಹೊಲಿಗೆ. ಹೊಲಿಗೆಯ ಜೊತೆಗೇ ಕಥೆ.

ಇದನ್ನು ಓದಿ ನಾನು ತಲೆ ಎತ್ತಿದರೆ ಎದುರಿನ ಮಂಚದಲ್ಲಿ ನನ್ನ ಹೆಂಡತಿ ರಾಜಮ್ಮ ಗೋಡೆ ನೋಡುತ್ತಾ ಮಲಗಿದ್ದಳು.

ಅವಳಿಗೆ ಲಕ್ವ ಹೊಡೆದು ಆಗ ಐದು ತಿಂಗಳಾಗಿತ್ತು. ಬಲಗೈ ಹೋಯಿತು, ಮಾತೂ ಹೋಯಿತು. ಶ್ರೀನಿವಾಸಪುರದ ಕಡೆಯವಳು, ತೆಲುಗು ಮನೆಮಾತು. ಕಷ್ಟಪಟ್ಟು ಕಲಿತ ಕನ್ನಡವೆಲ್ಲ ಅಳಿಸಿಹೋಗಿ, ಎರಡು ತೆಲುಗು ಮಾತು ಮಾತ್ರ ಉಳಿದಿದ್ದವು. ಹೌದು ಅನ್ನುವುದಕ್ಕೆ 'ಔನು', ಅಲ್ಲ ಅನ್ನುವುದಕ್ಕೆ 'ಕಾದು'. ಇನ್ನೊಂದು ಸಲ ಹೊಡೆದರೆ ಅವೂ ಇರಲ್ಲ, ಆಕೆಯೂ ಇರಲ್ಲ ಅಂತ ಡಾಕ್ಟರು ನನ್ನನ್ನು ಆಚೆ ಕರೆದು ಹೇಳಿದ್ದರು. ಬಾಗಿಲು ತೆರೆದೇ ಇತ್ತು. ಅವಳಿಗೂ ಕೇಳಿಸಿತ್ತು. ಮನೆಗೆ ಬಂದ ಮೇಲೆ ಇಬ್ಬರೂ ಕೇಳಿಸದವರ ಹಾಗೆ ಇದ್ದುಬಿಟ್ಟೆವು.

ಅವಳು ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿ ಬೊಂತೆ, ಅಂದರೆ ಕೌದಿ, ಹೊಲಿಯುತ್ತಿದ್ದವಳು. ಹೊಲಿಯುವಾಗ ಮಗಳಿಗೆ ಒಂದೇ ಕಥೆ. ಹುಡುಗಿಯೊಬ್ಬಳ ಕಾಲುಗೆಜ್ಜೆ ಬಾವಿಗೆ ಬೀಳುತ್ತದೆ. ಮೂವರು ಅಣ್ಣಂದಿರನ್ನು ದಡದಲ್ಲಿ ನಿಲ್ಲಿಸಿ ಅವಳು ಮೆಟ್ಟಿಲಿಳಿಯುತ್ತಾಳೆ. ಒಂದೊಂದು ಮೆಟ್ಟಿಲಲ್ಲಿ ಒಬ್ಬೊಬ್ಬರು, ಆಮೆ, ಕುಂಬಾರ, ಕಣ್ಣಿಲ್ಲದ ರಾಣಿ. ಒಂದು ಸೂಜಿ ದಾರಕ್ಕೆ ಒಂದು ಮೆಟ್ಟಿಲು, ಅದು ರಾಜಮ್ಮನ ಕಾನೂನು. ದಾರ ಮುಗಿದರೆ ಕಥೆ ನಿಂತಿತು. ಮಗಳು ಬೆಳೆದು ಕೊನೆಯ ಬೊಂತೆ ಅರ್ಧಕ್ಕೆ ನಿಂತಾಗ ಹುಡುಗಿ ಇನ್ನೂ ಬಾವಿಯಲ್ಲೇ ಇದ್ದಳು.

ನಾನು ಮಹಾ ಮೇಧಾವಿ, ಅಷ್ಟು ವರ್ಷ ಪೇಪರ್ ಅಡ್ಡ ಹಿಡಿದು ಕೂತಿದ್ದೆ. ಈಗ ಕಥೆಯ ಕೊನೆ ಬೇಕು ಅನ್ನಿಸಿತು. ಅವಳು ಇರುವಷ್ಟರಲ್ಲೇ ಬೇಕು. ಮಾಲೂರಿನಲ್ಲಿರುವ ಮಗಳನ್ನು ಕೇಳಿದರೆ, "ನಂಗೆಲ್ಲಪ್ಪಾ ಗೊತ್ತು, ನಿದ್ದೆ ಹೋಗ್ಬಿಡ್ತಿದ್ದೆ" ಅಂದಳು. ನಾದಿನಿಗೆ ಫೋನು ಮಾಡಿದೆ. "ಅದು ನಮ್ಮಮ್ಮ ಹೇಳಿದ್ದಲ್ಲ ಬಾವಾ, ಅಕ್ಕನೇ ಕಟ್ಕೊಂಡಿದ್ದು" ಅಂದಳು. ಭೂಪಟದ ತುದಿಯ ಮನೆಗಳ ಬಗ್ಗೆ ಪಾಠ ಹೇಳಿದವನಿಗೆ ತನ್ನ ಮನೆಯ ಕಥೆ ಗೊತ್ತಿಲ್ಲ. ನಾಚಿಕೆಯಾಯಿತು, ಅಳುವೂ ಬಂತು.

ಕೈಗೂ ಕಥೆಗೂ ನಂಟಿದೆ ಎಂದು ಇನ್ಯೂಟರ ಹೆಂಗಸರು ಹೇಳಿಕೊಟ್ಟಿದ್ದರಲ್ಲ, ಅಟ್ಟದಿಂದ ಬೊಂತೆ ಇಳಿಸಿ ಮಂಚದ ಪಕ್ಕ ನಾನೇ ಹೊಲಿಯಲು ಕೂತೆ. ಓದಿದವನ ಬುದ್ಧಿ ಎಲ್ಲಿಗೆ ಹೋಗುತ್ತದೆ? ಅದೇ ಅರ್ಧ ದಪ್ಪದ ಹೊಲಿಗೆ ಹಾಕಿದೆ, ಆಚೆ ಕಾಣದ ಹಾಗೆ. ನಾಲ್ಕು ಸಾಲು ಮುಗಿಸಿ ಹೆಮ್ಮೆಯಿಂದ ಎತ್ತಿ ತೋರಿಸಿದರೆ, ಒಳಗಿನ ಸೀರೆಗಳೆಲ್ಲ ಜಾರಿ ಕೆಳಗೆ ಮುದ್ದೆಯಾಗಿ ಕೂತವು. ಬೊಂತೆಗೆ ಸೂಜಿ ಆಚೆಗೆ ತೂರಿ ಬರಲೇಬೇಕು, ಎಲ್ಲ ಪದರವನ್ನೂ ಚುಚ್ಚಲೇಬೇಕು. ರಾಜಮ್ಮ ಮುಖವನ್ನು ಓರೆ ಮಾಡಿಕೊಂಡು, "ಕಾದು" ಅಂದಳು. ಎಡಗೈಯಿಂದ ದಾರ ಎಳೆದು ಬಿಚ್ಚತೊಡಗಿದಳು.

ಅವತ್ತಿಂದ ದಿನಾ ಮಧ್ಯಾಹ್ನ ಇದೇ ಕೆಲಸವಾಯಿತು. ಹೊಲಿಯುತ್ತಾ ನಾನು ಕೇಳುತ್ತಿದ್ದೆ.

"ಗೆಜ್ಜೆ ಸಿಕ್ತಾ? ತಗೊಂಡು ಮೇಲೆ ಬಂದ್ಲಾ?"

"ಕಾದು."

"ಅಲ್ಲೇ ಯಾರೋ ರಾಜನ್ನ ಮದುವೆ ಆದ್ಲಾ?"

"ಕಾದು."

"ಅಣ್ಣಂದಿರು ಹಗ್ಗ ಬಿಟ್ಟು ಎಳ್ಕೊಂಡ್ರಾ?"

"ಕಾದು."

ಹನ್ನೆರಡು ದಿನ, ಹನ್ನೆರಡು ಸುಖಾಂತ್ಯ, ಎಲ್ಲಕ್ಕೂ ಸೊನ್ನೆ. ಹದಿಮೂರನೆಯ ದಿನ ಸೂಜಿ ಬೆರಳಿಗೆ ಹೊಕ್ಕು ರಕ್ತ ಬಂತು. ನನಗೆ ರೇಗಿಹೋಯಿತು.

"ಹಂಗಾದ್ರೆ ಅವಳು ಮೇಲಕ್ಕೆ ಬರೋದೇ ಇಲ್ಲ, ಅಷ್ಟೇನಾ?"

ರಾಜಮ್ಮ ನನ್ನನ್ನೇ ನೋಡಿದಳು.

"ಔನು."

ಮಗಳಿಗೆ ಯಾಕೆ ಕೊನೆ ಹೇಳಲಿಲ್ಲ ಅನ್ನುವುದು ಗೊತ್ತಾಯಿತು. ಐದು ತಿಂಗಳಿಂದ ನಮ್ಮ ಮನೆಯಲ್ಲಿ ಬಾಯಿ ಬಿಟ್ಟು ಯಾರೂ ಆಡದ ಮಾತನ್ನು ನಾನೇ ಆಡಿಬಿಟ್ಟಿದ್ದೆ. ಅವಳ ಮುಖದಲ್ಲಿ ಮಾತ್ರ ದುಃಖವಿರಲಿಲ್ಲ. ಸದ್ಯ, ಈ ಮನುಷ್ಯನಿಗೆ ತಲೆಗೆ ಹೋಯಿತಲ್ಲ ಅನ್ನುವ ಹಾಗೆ ದಿಂಬಿಗೆ ಒರಗಿದಳು.

ಬೆರಳಿನ ರಕ್ತ ಒರೆಸಿಕೊಂಡು ಕೇಳಿದೆ.

"ಅಣ್ಣಂದಿರು? ದಡದಲ್ಲೇ ನಿಂತ್ಬಿಟ್ರಾ?"

"ಕಾದು."

"ಮನೆಗೆ ಹೋದ್ರಾ?"

"ಔನು."

"ಒಲೆ ಹಚ್ಚಿ, ತಾವೇ ಬೇಯಿಸ್ಕೊಂಡು ಉಂಡ್ರಾ?"

"ಔನು, ಔನು," ಅಂದಳು ರಾಜಮ್ಮ. ಎಡಗೈ ಎತ್ತಿ ಅಡುಗೆಮನೆಯ ಕಡೆ ತೋರಿಸಿದಳು.